‘ಹಳೇ ನಾಣ್ಯದ ಪ್ರೋಗ್ರಾಂ’ ಅಂದ್ರೆ ಒಂದು ಡಾಲರೂ ಕೊಡಬೇಡಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ಹುಡುಕ್ತಿರೋರು ದಯವಿಟ್ಟು ಓದಿ. ಮಷೀನಿನ ಬೆಲೆಯ ಮೇಲೆ 80 ಡಾಲರ್ ಜಾಸ್ತಿ ಕೊಟ್ಟೆ, ‘ಹಳೇ ನಾಣ್ಯದ ಸ್ಪೆಷಲ್ ಪ್ರೋಗ್ರಾಂ’ ಹಾಕಿದೀನಿ ಅಂದಿದ್ದಕ್ಕೆ. ಮಾರಿದವರೂ ಕನ್ನಡದವರೇ. ಹೇಳ್ಕೊಳೋಕೆ ನಾಚಿಕೆ, ಆದ್ರೂ ಹೇಳ್ತೀನಿ.

ಆ ಪ್ರೋಗ್ರಾಂ ಏನೂ ಅಲ್ಲ. ಡಿಸ್ಕ್ರಿಮಿನೇಶನ್, ಅಂದ್ರೆ ಬೇಡದ ಲೋಹದ ಸದ್ದು ಮುಚ್ಚೋ ಸೆಟ್ಟಿಂಗನ್ನ, 78ಕ್ಕೆ ಏರಿಸಿಟ್ಟಿದ್ದಾರೆ, ಅಷ್ಟೇ! 0ಯಿಂದ 99ರ ಸ್ಕೇಲಿನಲ್ಲಿ 78ರ ಕೆಳಗಿನದೆಲ್ಲ ಬಂದ್. ಮೊಳೆ, ಫಾಯಿಲ್, ಸೋಡಾ ಕ್ಯಾನಿನ ರಿಂಗು ಯಾವುದೂ ಕೂಗಲ್ಲ, ನಿಜ. ಎಷ್ಟೋ ಹಳೇ ನಾಣ್ಯಗಳೂ ಕೂಗಲ್ಲ.

ಡಿಟೆಕ್ಟರಿಗೆ ನಾಣ್ಯ ಯಾವುದು, ಕಸ ಯಾವುದು ಅಂತ ಗೊತ್ತಾಗಲ್ಲ. ಲೋಹ ಎಷ್ಟು ಚೆನ್ನಾಗಿ ಕರೆಂಟ್ ಹರಿಸುತ್ತೆ, ಎಷ್ಟು ದಪ್ಪ, ಎಷ್ಟು ಅಗಲ ಅನ್ನೋದರ ಮೇಲೆ ಒಂದು ನಂಬರ್ ತೋರಿಸುತ್ತೆ. 1913ರಿಂದ 1938ರವರೆಗಿನ ಐದು ಸೆಂಟಿನ ನಾಣ್ಯವಾದ ಬಫಲೋ ನಿಕಲ್‌ನಲ್ಲಿ 75 ಪಾಲು ತಾಮ್ರ, 25 ಪಾಲು ನಿಕಲ್ ಲೋಹ. ಈ ಮಷೀನಿನಲ್ಲಿ ಅದು 52. ಅಲ್ಯೂಮಿನಿಯಂ ರಿಂಗೂ ಆಸುಪಾಸಿನಲ್ಲೇ. 1909ಕ್ಕೆ ನಿಂತ ಇಂಡಿಯನ್ ಹೆಡ್ ಸೆಂಟು, 1982ರ ನಂತರದ ಸತುವಿನ ಸೆಂಟಿನ ಪಕ್ಕ, 70ರ ಮೇಲೆ ಸ್ವಲ್ಪ. ಚಿಕ್ಕ ಚಿನ್ನದ ನಾಣ್ಯ ಫಾಯಿಲ್ಗೂ ರಿಂಗಿಗೂ ಮಧ್ಯೆ. ಕಸ ಮುಚ್ಚಿದ್ರೆ ಇವೂ ಮುಚ್ಚಿಹೋದವು.

ಮರದ ಟೇಬಲ್ ಮೇಲೆ ಬಫಲೋ ನಿಕಲ್ ಇಟ್ಟು ನಾಲ್ಕು ಇಂಚು ಮೇಲೆ ಕಾಯಿಲ್, ಅಂದ್ರೆ ಮಷೀನಿನ ತುದಿಯ ತಟ್ಟೆ, ಆಡಿಸಿದೆ. ಸದ್ದಿಲ್ಲ. ಎರಡು ಇಂಚು. ಸದ್ದಿಲ್ಲ. ಫ್ಯಾಕ್ಟರಿ ರೀಸೆಟ್ ಒತ್ತಿದ ಕೂಡಲೇ ಸ್ಪಷ್ಟವಾಗಿ ಕೂಗಿತು, 52. ಮೈಯೆಲ್ಲ ಉರಿದುಹೋಯ್ತು.

ಮಾರಿದವರಿಗೆ ಫೋನ್ ಮಾಡಿದೆ. “ಕಸ ಬರಬಾರದು ಅಂತ ನೀವೇ ಕೇಳಿದ್ರಲ್ಲ ಸಾರ್?” ನಿಕಲ್ ಕಥೆ? “ಅದನ್ಯಾರು ಹುಡುಕ್ತಾರೆ, ಹತ್ತು ಸೆಂಟಿನ ಬೆಳ್ಳಿ ಡೈಮ್ ಬರುತ್ತಲ್ಲ.” ನನ್ನ 80 ಡಾಲರ್? “ಸೆಟ್ಟಿಂಗನ್ನ ವಾಪಸ್ ತಗೊಳ್ಳೋಕಾಗುತ್ತಾ ಸಾರ್?”

ವಾಪಸ್ ತಗೊಳ್ಳೋಕಾಗುತ್ತಾ ಅಂತೆ!

ಬೆಳ್ಳಿ ಡೈಮೂ ಗ್ಯಾರಂಟಿ ಇಲ್ಲ. ಹಳೇ ಮನೆ ಇದ್ದ ಜಾಗದ ತುಂಬ ಮೊಳೆ. ದೊಡ್ಡ ಕಾಯಿಲ್ ಕೆಳಗೆ ಮೊಳೆ, ಡೈಮ್ ಒಟ್ಟಿಗೆ ಸಿಕ್ಕಿದ್ರೆ ಮೊಳೆಯ ಜೊತೆ ಡೈಮಿನ ಸದ್ದೂ ಅಡಗಿಹೋಗಬಹುದು.

ಕಬ್ಬಿಣ ಮಾತ್ರ ಮುಚ್ಚಿ, ಇದರಲ್ಲಿ 35ರವರೆಗೆ ಸಾಕು. ಮೊಳೆ ಜಾಸ್ತಿ ಇರೋ ಕಡೆ ಅದೂ ಬೇಡ. ಚಿಕ್ಕ ಕಾಯಿಲ್ ಹಾಕಿ, ನಿಧಾನ ಆಡಿಸಿ, ಸದ್ದು ಬಂದ ಕಡೆ ಅಡ್ಡಡ್ಡ ತಿರುಗಿ ಇನ್ನೊಮ್ಮೆ ಆಡಿಸಿ. 52 ಬಂದ್ರೆ ಅಗೀರಿ, ರಿಂಗೇ ಸಿಗಲಿ.

ಕೊಳ್ಳೋಕೆ ಹೋಗುವಾಗ ಜೇಬಿನಲ್ಲಿ ಒಂದು ನಿಕಲ್, ಒಂದು ಸತುವಿನ ಸೆಂಟು, ಒಂದು ತುಕ್ಕು ಮೊಳೆ ಇರಲಿ. ಮಾರೋರ ಎದುರೇ ಕಾಯಿಲ್ ಆಡಿಸಿ ನೋಡಿ, ಆಮೇಲೆ ದುಡ್ಡು ತೆಗೀರಿ.