ಮಸಾಯಿ ಹಳ್ಳಿ ನೋಡೋಕೆ ಗೇಟ್ ಪಕ್ಕದ ಮನ್ಯಾಟ್ಟವೋ, ನಬೋಯಿಶೋನೋ, ಮಾಜಿ ಮೋಟೋನೋ?

ನೈರೋಬಿಯಲ್ಲಿ ಮನೆ ಮಾಡಿದ ಮೇಲೆ ಊರಿಂದ ಬರೋ ನೆಂಟರದ್ದೆಲ್ಲ ಒಂದೇ ಬೇಡಿಕೆ: ಸಿಂಹ ತೋರಿಸಿ, ಆಮೇಲೆ ಕೆಂಪು ಬಟ್ಟೆ ಹೊದ್ದು ಎಗರ್ತಾರಲ್ಲ, ಆ ಮಸಾಯಿ ಜನರನ್ನ ತೋರಿಸಿ. ಹೀಗೆ ಮೂರು ಥರದ ಭೇಟಿಯೂ ಆಗಿದೆ. ನನ್ನ ವೋಟು ಮಾಜಿ ಮೋಟೊಗೆ.

ಸಿಂಹ ನೋಡೋಕೆ ಹೋಗೋ ಸರ್ಕಾರಿ ರಿಸರ್ವ್ ಮಸಾಯಿ ಮಾರಾದ ಸೆಕೆನಾನಿ ಗೇಟಿನ ಆಸುಪಾಸಿನ ಮನ್ಯಾಟ್ಟಗಳಿಗೆ, ಅಂದ್ರೆ ಮಸಾಯಿ ಹಟ್ಟಿಗಳಿಗೆ, ಹೆಚ್ಚಿನವರು ಹೋಗ್ತಾರೆ. ಸಫಾರಿ ಮುಗಿಸಿ ವಾಪಸ್ ಬರುವಾಗ ಡ್ರೈವರೇ ವ್ಯಾನ್ ನಿಲ್ಲಿಸ್ತಾನೆ. ಒಂದು ಗಂಟೆಯ ಕಾರ್ಯಕ್ರಮ: ಅಡುಮು ಅನ್ನೋ ಎಗರೋ ಕುಣಿತ, ಸಗಣಿ ಮೆತ್ತಿದ ಗುಡಿಸಲೊಳಗೆ ಬಗ್ಗಿಕೊಂಡು ಒಂದು ಸುತ್ತು, ಬೆಂಕಿ ಹೊತ್ತಿಸೋದು. ಮೆತು ಮರದ ಪಟ್ಟಿಯನ್ನ ಕತ್ತಿಯ ಅಲಗಿನ ಮೇಲಿಟ್ಟು, ಗಟ್ಟಿ ಕಡ್ಡಿಯನ್ನ ಅದರ ಗುಳಿಯಲ್ಲಿ ಅಂಗೈಗಳ ನಡುವೆ ತಿರುವುತ್ತಾರೆ. ಉದುರಿದ ಕಪ್ಪು ಪುಡಿ ಹೊಗೆಯಾಡಿದ ಕೂಡಲೇ ಒಣಹುಲ್ಲಿಗೆ ಸುರಿದು ಊದುತ್ತಾರೆ. ಇದನ್ನ ನಾಟಕ ಅನ್ನೋಕೆ ನನಗೆ ಮನಸ್ಸಿಲ್ಲ, ಅವರಿಗೆ ಬರೋ ವಿದ್ಯೆಯೇ ಅದು.

ನನ್ನ ತಕರಾರು ದುಡ್ಡಿಂದು. ತಲೆಗೆ 30 ಡಾಲರ್ ಅಂತ ಶುರುವಾಗಿ 20ಕ್ಕೆ ಇಳಿಯಿತು. ಅದರಲ್ಲಿ ಡ್ರೈವರ್ ಪಾಲೆಷ್ಟು, ಹಾಡಿದ ಹೆಂಗಸರಿಗೆಷ್ಟು ಅಂತ ನಮ್ಮ ಯಜಮಾನರು ಕೇಳಿದ್ರೆ "ಶಾಲೆಗೆ ಹೋಗುತ್ತೆ" ಅಂದ್ರು ಹಟ್ಟಿಯವರು. ಯಾವ ಶಾಲೆ? ಮಾತು ಕುಣಿತದ ಕಡೆ ತಿರುಗಿತು.

ಅಲ್ಲಿಗೂ ಮುಗೀಲಿಲ್ಲ. ಹಿಂದಿನ ಬೇಲಿ ದಾಟಿದರೆ ಸಾಲಾಗಿ ಮಣಿಸರದ ಅಂಗಡಿ. ನಮ್ಮ ಗುಂಪನ್ನ ಹಂಚಿ ಒಬ್ಬೊಬ್ಬರ ಹಿಂದೆ ಒಬ್ಬ ಹುಡುಗ ನಿಂತ. ಅತ್ತಿಗೆ ಮುಟ್ಟಿದ ಸರಕ್ಕೆ 60 ಡಾಲರ್, ಇಟ್ಟುಬಿಟ್ರೆ 40, ವ್ಯಾನ್ ಹತ್ತೋ ಹೊತ್ತಿಗೆ 15! ಚೌಕಾಸಿ ಅತ್ತಿಗೆಗೇನು ಹೊಸದಲ್ಲ, ಕೆ.ಆರ್. ಮಾರ್ಕೆಟ್‌ನಲ್ಲಿ ಪಳಗಿದವರು. ಆದರೆ ಆ ಸರ ಪೋಣಿಸಿದ್ದು ಯಾರು, ಯಾವ ಬಣ್ಣ ಯಾಕೆ ಅಂತ ಕೇಳಿದ ಪ್ರತಿ ಪ್ರಶ್ನೆಗೂ ಬಂದ ಉತ್ತರ ಒಂದು ಹೊಸ ರೇಟು.

ಮಾರಾ ಪಕ್ಕದ ಖಾಸಗಿ ವನ್ಯಜೀವಿ ಪ್ರದೇಶ ನಬೋಯಿಶೋ ಕನ್ಸರ್ವೆನ್ಸಿಯಲ್ಲಿ ಈ ಕಿರಿಕಿರಿ ಇಲ್ಲ. 500ಕ್ಕೂ ಹೆಚ್ಚು ಮಸಾಯಿ ಭೂಮಾಲೀಕರು ಸೇರಿ ಸುಮಾರು 50,000 ಎಕರೆಯನ್ನ ಪ್ರವಾಸಿ ಕ್ಯಾಂಪುಗಳಿಗೆ ಗುತ್ತಿಗೆ ಕೊಟ್ಟಿದ್ದಾರೆ, ಬಾಡಿಗೆ ನೇರ ಅವರಿಗೇ. ಸರ್ಕಾರಿ ರಿಸರ್ವ್ ಒಳಗೆ ಸಿಗದ ಕಾಲ್ನಡಿಗೆ, ರಾತ್ರಿ ಸಫಾರಿ ಎರಡೂ ಇಲ್ಲುಂಟು. ಆದರೆ ಒಂದು ರಾತ್ರಿಯ ಬಿಲ್ಲು ನೋಡಿದ್ರೆ ಮಾತೇ ಹೊರಡಲ್ಲ! ಅಷ್ಟು ಕೊಟ್ಟೂ ನಾವು ಬಾಯ್ತುಂಬ ಮಾತಾಡಿದ ಮಸಾಯಿ ಅಂದ್ರೆ ನಮ್ಮ ಗೈಡ್ ಒಬ್ಬರೇ.

ಮಾಜಿ ಮೋಟೊ ಮಾರಾ ಇರೋ ನಾರೋಕ್ ಕೌಂಟಿಯಲ್ಲೇ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಹೆದ್ದಾರಿ ಬಿಟ್ಟು ಒಳಗೆ, ಬಿಸಿನೀರಿನ ಊಟೆ ಇರೋ ಊರು. ಅಲ್ಲಿ ವಿಧವೆಯರದ್ದೇ ಒಂದು ಹಟ್ಟಿ ಇದೆ. ಗಂಡ ಸತ್ತ ಮಸಾಯಿ ಹೆಂಗಸಿಗೆ ಮರುಮದುವೆಯ ಪದ್ಧತಿ ಇಲ್ಲ. ನಮ್ಮನ್ನ ಕೂರಿಸಿ ಏನೂ ತೋರಿಸ್ಲಿಲ್ಲ, ಅವರ ಕೆಲಸದ ಜೊತೆ ನಾವಿದ್ವಿ ಅಷ್ಟೆ. ಸಂಜೆ ಹಾಲು ಕರೆಯೋ ಮುಂಚೆ ಒಬ್ಬಾಕೆ ಸೋರೆಬುರುಡೆಯೊಳಗೆ ಉರಿಯೋ ಕಡ್ಡಿ ಹಾಕಿ ಕುಲುಕಿ, ಮಸಿ ಒರೆಸಿ ತೆಗೆದಳು. ಆ ಹಾಲಿಗೆ ಹೊಗೆ ವಾಸನೆ ಹಿಡಿದಿರುತ್ತೆ, ಹಾಗೇ ಹೆಚ್ಚು ದಿನ ಇಡಬಹುದಂತೆ. ಅತ್ತಿಗೆ ಪಕ್ಕದಲ್ಲೇ ಕೂತು ಮಣಿ ಪೋಣಿಸೋದು ಕಲಿತು ಅರ್ಧಕ್ಕೇ ಕೈಬಿಟ್ರು. ಕೊನೆಗೆ ಕೊಂಡಿದ್ದು ಕಲಿಸಿದಾಕೆ ಮಾಡಿದ್ದನ್ನೇ, ಹೇಳಿದ ಬೆಲೆಗೇ.

ಸಸ್ಯಾಹಾರಿಗಳಿಗೆ ಚಪಾತಿ, ಉಗಾಲಿ ಅನ್ನೋ ಜೋಳದ (ಮೆಕ್ಕೆಜೋಳ) ಹಿಟ್ಟಿನ ಮುದ್ದೆ, ಸುಕುಮಾ ಸೊಪ್ಪಿನ ಪಲ್ಯ. ಚಹಾಕ್ಕೆ ಹಾಲು, ಸಕ್ಕರೆ ನಮಗಿಂತ ಧಾರಾಳ. ರಸ್ತೆ ಮಾತ್ರ ಕೇಳಬೇಡಿ.

ಸಿಂಹ ನೋಡೋಕೆ ಅಂತ ಮಾಜಿ ಮೋಟೊಗೆ ಹೋಗಬೇಡಿ, ಅದಕ್ಕೆ ಮಾರಾ ಬೇರೆಯೇ ಆಗಬೇಕು. ನಮಗೆ ಅವಸರ ಇಲ್ಲ, ಡೇರೆಯಲ್ಲಿ ಮಲಗೋ ಅಭ್ಯಾಸ ಇದೆ, ಅದಕ್ಕೇ ಅದು ಹೊಂದಿತು. ಮಂಡಿನೋವಿನ ಹಿರಿಯರಿದ್ದು ಒಂದೇ ಗಂಟೆ ಕೈಯಲ್ಲಿದ್ರೆ ಗೇಟ್ ಪಕ್ಕದ್ದೇ ನೋಡಿ. ರೇಟು ಮಾತ್ರ ವ್ಯಾನ್ ಇಳಿಯೋ ಮುಂಚೆ ಮಾತಾಡಿ, ದುಡ್ಡನ್ನ ಡ್ರೈವರ್ ಕೈಗೆ ಕೊಡಬೇಡಿ, ಊರಿನವರ ಕೈಗೇ ಕೊಡಿ.