22 ವರ್ಷ ಬಳಸಿದ ಬರ್ಮಿಂಗ್‌ಹ್ಯಾಮ್ ಜೋಡುನಳಿಗೆ ಕೋವಿ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಜ್ಜ ಕೊಂಡಿದ್ದ 12 ಬೋರಿನ ಈ ಕೋವಿ ನನ್ನ ಕೈಗೆ ಬಂದು 22 ವರ್ಷಗಳಾದವು. ಬೇಟೆ ಕಾನೂನುಬಾಹಿರವಾದ ಕಾಲದಲ್ಲಿ ಕೊಡಗಿನ ಮನೆಯೊಂದರಲ್ಲಿ ಕೋವಿಗೆ ಇರುವ ಕೆಲಸ ಸ್ವಲ್ಪವೇ: ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಂದು ತೋಕ್‌ಪೂ ಎಂಬ ಹೂ ಮುಡಿದು ಪೂಜೆಗೊಳ್ಳುವುದು, ಅನಂತರ ತೆಂಗಿನಕಾಯಿಗೆ ಗುರಿ ಹಿಡಿಯುವುದು, ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ಕೊಯ್ಯುವಾಗ ಈಡು ಹಾರಿಸುವುದು, ಮನೆಯಲ್ಲಿ ಸಾವಾದರೆ ಎರಡು ಗುಂಡಿನಿಂದ ಊರಿಗೆ ತಿಳಿಸುವುದು. ಆದ್ದರಿಂದ ನನ್ನ ಮಾತು ದಿನವೂ ನೂರಾರು ತೋಟೆ ಹಾರಿಸುವ ಸ್ಪರ್ಧಾಳುವಿನದಲ್ಲ, ವರ್ಷಕ್ಕೆ ಕೆಲವೇ ಸಲ ಹಾರಿಸಿ ವರ್ಷವಿಡೀ ಜೋಪಾನ ಮಾಡುವವನದು.

ಹಿಡಿದ ಕೂಡಲೇ ಮೆಚ್ಚಿಗೆಯಾಗುವುದು ಇದರ ತೂಕದ ಹಂಚಿಕೆ. ಒಟ್ಟು ತೂಕ ಮೂರು ಕೆಜಿಗಿಂತ ಸ್ವಲ್ಪ ಕಡಿಮೆ. ಅದರ ಬಹುಪಾಲು ಎರಡು ಕೈಗಳ ನಡುವೆ, ನಳಿಗೆ ಮಡಚುವ ಕೀಲಿನ ಹತ್ತಿರವೇ ನಿಲ್ಲುವುದರಿಂದ ಕೋವಿ ತಾನಾಗಿ ಹೆಗಲಿಗೆ ಏರುತ್ತದೆ, ಕಣ್ಣು ನೋಡಿದೆಡೆಗೆ ನಳಿಗೆ ತಿರುಗುತ್ತದೆ. ನನ್ನ ಬಂಧುವಿನ ಬಳಿ ಇರುವ, ಒಂದರ ಮೇಲೊಂದು ನಳಿಗೆಯ ಹೊಸ ಕೋವಿ ಇದಕ್ಕಿಂತ ಭಾರ. ಸತತವಾಗಿ ಹಾರಿಸುವವರಿಗೆ ಅದೇ ಮೇಲು, ಏಕೆಂದರೆ ಹಗುರವಾದ ಹಳೆಯ ಕೋವಿಯ ಒದೆತವನ್ನು ಹೆಗಲು ಮರೆಯುವುದಿಲ್ಲ. ಆದರೆ ಎರಡು ಟ್ರಿಗರುಗಳ ಸೌಕರ್ಯ ಅದರಲ್ಲಿಲ್ಲ. ನನ್ನದರಲ್ಲಿ ಮುಂದಿನ ಟ್ರಿಗರು ಚರೆಯನ್ನು ಅಗಲವಾಗಿ ಹರಡುವ ಬಲಗಡೆಯ ನಳಿಗೆಗೆ, ಹಿಂದಿನದು ಬಾಯಿ ಬಿಗಿಯಾದ ಎಡಗಡೆಯ ನಳಿಗೆಗೆ. ಯಾವುದು ಬೇಕೆಂಬ ತೀರ್ಮಾನ ಬೆರಳು ಜರುಗುವಷ್ಟರಲ್ಲಿ ಆಗಿಹೋಗುತ್ತದೆ, ಒಂದು ಬದಿಯ ಯಂತ್ರ ಕೈಕೊಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. 1875ರಲ್ಲಿ ವೆಸ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ ರೂಪಿಸಿದ ವ್ಯವಸ್ಥೆಯೇ ಇದರ ಒಳಗೂ ಇದೆ. ನಳಿಗೆಯನ್ನು ಕೆಳಗೆ ಬಾಗಿಸುವ ಬಲದಿಂದಲೇ ತೋಟೆಯನ್ನು ಸಿಡಿಸಲು ಬಡಿಯುವ ಒಳಗಿನ ಕುದುರೆಗಳು ಏರಿ ನಿಲ್ಲುತ್ತವೆ. ಬಿಡಿಭಾಗಗಳು ಅಷ್ಟು ಕಡಿಮೆ ಇರುವುದರಿಂದಲೇ ಇರಬೇಕು, ನನ್ನ ಕಾಲದಲ್ಲಿ ಅದು ಒಮ್ಮೆಯೂ ತಪ್ಪಿಲ್ಲ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ತೋಟೆ ಇಲ್ಲವೆಂದು ಕಣ್ಣಾರೆ ಕಂಡುಕೊಂಡು, ಕೋವಿಯನ್ನು ಮೂರು ತುಂಡಾಗಿ ಬಿಚ್ಚುತ್ತೇನೆ. ಅದಕ್ಕೆ ಯಾವ ಉಪಕರಣವೂ ಬೇಡ. ನಳಿಗೆಗಳನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ. ಬಾಯಿ ಮೇಲಾಗಿ ನಿಲ್ಲಿಸಿದರೆ ಎಣ್ಣೆ ಇಳಿದು ಯಂತ್ರದ ಹಿಂದಿನ ಆಕ್ರೋಟು ಮರಕ್ಕೆ ಸೇರಿ, ವರ್ಷಗಳು ಕಳೆದಂತೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಇದೆಲ್ಲಕ್ಕೂ ಮೊದಲು ಮಾಡುವ ಕೆಲಸವೊಂದಿದೆ. ನಳಿಗೆಗಳ ಕೆಳಗಿನ ಕೊಕ್ಕೆಯನ್ನು ಒಂದು ಬೆರಳಿಗೆ ತೂಗುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತೇನೆ. ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಗಳ ಬೆಸುಗೆ ಗಟ್ಟಿಯಾಗಿದ್ದರೆ ದೇವಸ್ಥಾನದ ಗಂಟೆಯಂತೆ ಉದ್ದನೆಯ ನಾದ ಬರುತ್ತದೆ. ಅಪ್ಪ ನನಗೆ ಕಲಿಸಿದ ಮೊದಲ ಪರೀಕ್ಷೆ ಅದು.

ಒಂಬತ್ತು ವರ್ಷಗಳ ಹಿಂದೆ ನಳಿಗೆಯ ಕಪ್ಪು ಬಣ್ಣ ಸವೆದಿತ್ತೆಂದು ಪಟ್ಟಣದ ಪರವಾನಗಿ ಇರುವ ಅಂಗಡಿಯೊಂದಕ್ಕೆ ಕೊಟ್ಟೆ. ನಾಲ್ಕೇ ದಿನಗಳಲ್ಲಿ, ಅಗ್ಗದ ದರಕ್ಕೆ, ಕನ್ನಡಿಯಂತೆ ಹೊಳೆಯುವ ಕಪ್ಪು ಬಂತು; ಮನೆಯವರೆಲ್ಲ ಸಂತೋಷಪಟ್ಟರು. ಎರಡನೆಯ ಮಳೆಗಾಲದಲ್ಲಿ ತಟ್ಟಿದಾಗ ಒಡೆದ ಮಡಕೆಯ ಸದ್ದು ಬಂತು. ಅವರು ನಳಿಗೆಗಳನ್ನು ಕುದಿಯುವ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದ್ದರು. ಒಂಟಿ ನಳಿಗೆಗೆ ಅದರಿಂದ ತೊಂದರೆಯಿಲ್ಲ. ಜೋಡುನಳಿಗೆಯಲ್ಲಿ ಅದು ಸೀಸ-ತವರದ ಮೆದು ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿಯ ಸಂದಿಗೆ ಹೊಕ್ಕ ಲವಣ ಅಲ್ಲಿಯೇ ಉಳಿದು, ಕಣ್ಣಿಗೆ ಕಾಣದ ಕಡೆಯಿಂದ ಉಕ್ಕನ್ನು ತುಕ್ಕು ಹಿಡಿಸುತ್ತದೆ. ಈ ವಿಷಯ ಕೋವಿ ರಿಪೇರಿಯವರಿಗೆ ಗೊತ್ತಿರಲೇಬೇಕಾದದ್ದು. ಕೇಳಲು ಹೋದಾಗ ಮಳೆಯನ್ನು ದೂರಿದರು. ಅದೇ ಮಳೆಯಲ್ಲಿ ಮೂರು ತಲೆಮಾರು ಬಾಳಿದ ಕೋವಿಯದು, ಅದಕ್ಕಾಗಿಯೇ ನನಗೆ ಇಂದಿಗೂ ಸಿಟ್ಟಿದೆ.

ಪಟ್ಟಿಗಳನ್ನು ಬಿಚ್ಚಿ, ಒಳಗಿನ ತುಕ್ಕು ತೆಗೆದು, ಮತ್ತೆ ಬೆಸೆದುಕೊಟ್ಟ ವಯಸ್ಸಾದ ಕುಶಲಕರ್ಮಿಯೊಬ್ಬರು ಅದಕ್ಕೆ ತಿಂಗಳುಗಟ್ಟಲೆ ತೆಗೆದುಕೊಂಡರು; ಆ ವರ್ಷದ ಕರಿಮೆಣಸಿನ ಹಣದ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಬಣ್ಣವನ್ನು ಅವರು ಹಳೆಯ ರೀತಿಯಲ್ಲಿಯೇ ಕಟ್ಟಿದರು: ದ್ರಾವಣ ಸವರಿ ತೆಳುವಾದ ತುಕ್ಕು ಬರಿಸುವುದು, ಬರೀ ನೀರಿನಲ್ಲಿ ಕುದಿಸುವುದು, ಅದು ಕಪ್ಪಾದ ಮೇಲೆ ಉಜ್ಜುವುದು, ಮತ್ತೆ ಮೊದಲಿನಿಂದ. ಈಗಿನ ಕಪ್ಪಿಗೆ ಹೊಳಪು ಕಡಿಮೆ, ಆಳ ಹೆಚ್ಚು. ನಾದವೂ ಮರಳಿತು, ಆದರೆ ಮೊದಲಿಗಿಂತ ಒಂದಿಷ್ಟು ಗಿಡ್ಡವಾಗಿ.

ಇಂತಹ ಕೋವಿ ಮನೆಯಲ್ಲಿರುವವರು ನಳಿಗೆಯ ಬುಡದ ಮುದ್ರೆಗಳನ್ನು ಓದಿಸಿಕೊಳ್ಳಬೇಕು. ನನ್ನದರಲ್ಲಿ ಕಿರೀಟದ ಕೆಳಗೆ ಎನ್‌ಪಿ ಎಂದಿದೆ, ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ್ದು. ಪಕ್ಕದಲ್ಲಿ ತೋಟೆಯ ಕೋಣೆಯ ಉದ್ದ ಎರಡೂವರೆ ಇಂಚು ಎಂದಿದೆ. ಇಂದಿನ 70 ಮಿಲಿಮೀಟರ್ ತೋಟೆಯೂ ಅದರೊಳಗೆ ಸಲೀಸಾಗಿ ಕೂರುತ್ತದೆ. ತೊಂದರೆ ಇರುವುದು ಅಲ್ಲಿಯೇ. ತೋಟೆಯ ಉದ್ದವನ್ನು ಅಳೆಯುವುದು ಹಾರಿಸಿದ ಮೇಲೆ. ಮಡಚಿದ ಬಾಯಿ ಬಿಚ್ಚಿಕೊಂಡಾಗ ಅದು ಕೋಣೆಯನ್ನು ದಾಟಿ ಕಿರಿದಾದ ಭಾಗಕ್ಕೆ ಚಾಚಿ ಒತ್ತಡವನ್ನು ಏರಿಸುತ್ತದೆ. ನಾನು 65 ಮಿಲಿಮೀಟರಿನದನ್ನಷ್ಟೇ ಕೊಳ್ಳುತ್ತೇನೆ, ಸಿಗದ ವರ್ಷ ಈ ಕೋವಿಯನ್ನು ಹಾರಿಸುವುದಿಲ್ಲ. ಕಳೆದ ಕೈಲ್ ಪೊಳ್ದ್‌ನಲ್ಲಿ ಹಾಗೆಯೇ ಆಯಿತು. ತೆಂಗಿನಕಾಯಿಗೆ ಬಂಧುವಿನ ಕೋವಿಯನ್ನು ಎರವಲು ಪಡೆದೆ, ನಮ್ಮದು ಹೂ ಮುಡಿದು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿಯೇ ಉಳಿಯಿತು.