ಆರು ಜನರ ಟನಲ್ ಟೆಂಟ್: ಆರು ಬೇಸಿಗೆ ಬಳಸಿದ ಮೇಲೆ

ಸುರಂಗದ ಆಕಾರದ ಈ ಟನಲ್ ಟೆಂಟ್ ಕೊಂಡಿದ್ದು 2019ರ ಏಪ್ರಿಲ್‌ನಲ್ಲಿ. ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ನಾನು, ನನ್ನವರು, ಇಬ್ಬರು ಮಕ್ಕಳು. ಅಂಗಡಿಯಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಟೆಂಟ್ ಆಗಿದ್ದರಿಂದ 320 ಪೌಂಡ್‌ಗೆ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಸುಮಾರು 45 ರಾತ್ರಿ ಇದರೊಳಗೆ ಮಲಗಿದ್ದೇವೆ. ಪೀಕ್ ಡಿಸ್ಟ್ರಿಕ್ಟ್, ಲೇಕ್ ಡಿಸ್ಟ್ರಿಕ್ಟ್, ನಾರ್ತಂಬರ್‌ಲ್ಯಾಂಡ್, ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿ, ಹೀಗೆ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಥರದ ಟೆಂಟ್‌ಗಳು ಯಾರು ಮಾಡಿದರೂ ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತವೆ. ಇಲ್ಲಿನ ಕನ್ನಡದ ಗೆಳೆಯರು ನನ್ನನ್ನು ಕೇಳುವುದೂ ಕಂಪನಿ ಯಾವುದು ಅಂತ ಅಲ್ಲ. "ಅಷ್ಟು ದೊಡ್ಡದನ್ನು ನೀವಿಬ್ಬರೇ ಹೇಗೆ ಹಾಕುತ್ತೀರಿ?" ಅಂತ.

ಮೊದಲ ಸಲ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಈಗ ಟೆಂಟ್ ನಿಲ್ಲಿಸಲು 25 ನಿಮಿಷ, ಹಗ್ಗ ಬಿಗಿದು ಒಳಗಿನ ಕೋಣೆ ಸರಿ ಮಾಡಲು ಇನ್ನೊಂದು 15. ನಮ್ಮ ಕೈಗೆ ಜಾಸ್ತಿ ಬಲ ಬಂದಿದ್ದರಿಂದ ಆದ ಬದಲಾವಣೆ ಅಲ್ಲ ಇದು. ಮಡಚುವ ರೀತಿ ಬದಲಾಯಿಸಿದ್ದರಿಂದ ಆದದ್ದು. ಅದನ್ನೇ ವಿವರವಾಗಿ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ಟೆಂಟ್ ಹೇಗಿದೆ ಅಂತ ಹೇಳಿಬಿಡುತ್ತೇನೆ. ಉದ್ದ 6.5 ಮೀಟರ್, ಅಗಲ 3.2 ಮೀಟರ್, ನಡುವಿನ ಎತ್ತರ 2.1 ಮೀಟರ್. ಚೀಲ ಸೇರಿ 23 ಕೆಜಿ. ಪಾಲಿಯೆಸ್ಟರ್ ಬಟ್ಟೆ, ನಾಲ್ಕು ಫೈಬರ್‌ಗ್ಲಾಸ್ ಕೋಲು. ಹಿಂದೆ ಮಲಗುವ ಎರಡು ಕೋಣೆ, ಮುಂದೆ ಕೂರುವ ಜಾಗ. ಆರು ಜನರಿಗೆ ಅಂತ ಬರೆದಿರುತ್ತಾರೆ. ನಾಲ್ಕು ಜನ ಮತ್ತು ಅವರ ಸಾಮಾನು ಅಂದುಕೊಂಡರೆ ಸರಿಯಾಗುತ್ತದೆ. 2023ರಲ್ಲಿ ಅತ್ತೆ ಸಾಗರದಿಂದ ಬಂದಿದ್ದಾಗ ಐದು ಜನ ಮಲಗಿದ್ದೆವು, ಸ್ವಲ್ಪ ಒತ್ತೊತ್ತಾಗಿ. ಬೆಳಿಗ್ಗೆ ಎದ್ದು ಅತ್ತೆ ಮುಂದಿನ ಕೋಣೆಯಲ್ಲಿ ನೆಟ್ಟಗೆ ನಿಂತು, ನೆರಿಗೆ ಹಿಡಿದು, ಆರಾಮಾಗಿ ಸೀರೆ ಉಟ್ಟುಕೊಂಡರು. ಬಗ್ಗಿಕೊಂಡು ಓಡಾಡುವ ಚಿಕ್ಕ ಟೆಂಟ್‌ನಲ್ಲಿ ಇದು ಆಗುವ ಮಾತಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಟನಲ್ ಟೆಂಟ್ ಯಾಕೆ ಬೇಕು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ನಿಲ್ಲಿಸುವ ವಿಷಯ. ನೋಡುವುದಕ್ಕೆ ಇದು ನಮ್ಮ ಕಮಾನು ಗಾಡಿಯ ಹೊದಿಕೆ ಇದ್ದ ಹಾಗೆ. ಒಂದರ ಹಿಂದೆ ಒಂದು ಕಮಾನು, ಮೇಲೆ ಬಟ್ಟೆ. ಆದರೆ ಗಾಡಿಯಲ್ಲಿ ಕಮಾನುಗಳನ್ನು ಉದ್ದಕ್ಕೆ ಹಿಡಿದಿಡಲು ಬಿದಿರಿನ ದಬ್ಬೆ ಕಟ್ಟಿರುತ್ತಾರೆ. ಇಲ್ಲಿ ಅಂಥದ್ದು ಏನೂ ಇಲ್ಲ. ಒಂದು ಕಮಾನು ಇನ್ನೊಂದನ್ನು ಮುಟ್ಟುವುದೂ ಇಲ್ಲ. ಬಟ್ಟೆಯನ್ನು ಹಿಂದೆ ಮುಂದೆ ಎಳೆದು ಗೂಟ ಹೊಡೆದರೆ ಮಾತ್ರ ಎಲ್ಲವೂ ನಿಲ್ಲುತ್ತವೆ. ಅದಕ್ಕೇ ಇದನ್ನು ಒಂದು ಕಡೆ ನಿಲ್ಲಿಸಿ ಆಮೇಲೆ ಎತ್ತಿ ಸರಿಸಲು ಬರುವುದಿಲ್ಲ. ಜಾಗ, ದಿಕ್ಕು ಎರಡೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಗೂಟ ಇಲ್ಲದೆ ಎಬ್ಬಿಸಲು ಹೋದರೆ ಒಂದು ಕಮಾನು ಏಳುವಾಗ ಇನ್ನೊಂದು ಮಲಗುತ್ತದೆ. ನಾವು ಮೊದಲ ವರ್ಷ ಮಾಡಿದ್ದು ಇದೇ ತಪ್ಪು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತುತ್ತಿದ್ದೆವು. ಎಷ್ಟು ಜನ ಇದ್ದರೂ ಸಾಲುತ್ತಿರಲಿಲ್ಲ.

ಈಗಿನ ಕ್ರಮ ಹೀಗಿದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಮೊದಲು ನೋಡುತ್ತೇವೆ. ಬ್ರಿಟನ್ನಿನಲ್ಲಿ ಜಾಸ್ತಿ ದಿನ ನೈಋತ್ಯದಿಂದಲೇ, ನಮ್ಮ ಮುಂಗಾರಿನ ಹಾಗೆ. ಆದರೂ ಆ ದಿನ ಒಂದು ಚಿಟಿಕೆ ಹುಲ್ಲು ಹಾರಿಸಿ ನೋಡುವುದು ಒಳ್ಳೆಯದು. ಮಲಗುವ ಕೋಣೆ ಇರುವ ಹಿಂಭಾಗ ಕುಳ್ಳಗೆ, ಇಳಿಜಾರಾಗಿ ಇರುತ್ತದೆ. ಅದು ಗಾಳಿಗೆ ಎದುರಾಗಿರಬೇಕು. ಪಕ್ಕದ ಉದ್ದನೆಯ ಗೋಡೆ ಗಾಳಿಗೆ ಸಿಕ್ಕಿದರೆ ಆರೂವರೆ ಮೀಟರ್ ಹಾಯಿ ಬಿಚ್ಚಿದಂತೆ ಆಗುತ್ತದೆ. ಮೊದಲು ನೆಲಹಾಸು ಹಾಸಿ ಅದರ ನಾಲ್ಕು ಮೂಲೆಗೆ ಗೂಟ. ಇದರಿಂದ ಟೆಂಟ್ ಎಲ್ಲಿ ಬರುತ್ತದೆ, ಕಾರಿಗೆ ಎಷ್ಟು ಜಾಗ ಉಳಿಯುತ್ತದೆ ಎಲ್ಲಾ ಕಣ್ಣಿಗೆ ಕಾಣುತ್ತದೆ. ಅದರ ಮೇಲೆ ಟೆಂಟ್‌ನ ಹಿಂದಿನ ಅಂಚು ಇಟ್ಟು ಅಲ್ಲಿಗೂ ಗೂಟ ಹೊಡೆದುಬಿಡುತ್ತೇವೆ. ಆಮೇಲೆ ಬಟ್ಟೆ ಬಿಚ್ಚುತ್ತಾ ಹೋಗುವುದು. ಗಾಳಿ ಬೆನ್ನಿಗಿರುವುದರಿಂದ ಅದೇ ಬಟ್ಟೆಯನ್ನು ಮುಂದಕ್ಕೆ ತಳ್ಳಿಕೊಡುತ್ತದೆ.

ಕೋಲು ತೂರಿಸುವುದು ಲಂಗಕ್ಕೆ ಲಾಡಿ ಹಾಕಿದ ಹಾಗೆ. ಪಿನ್ನು ಮುಂದಕ್ಕೆ ತಳ್ಳಿ, ಬಟ್ಟೆ ಮುದುರಿಸಿ, ಹಿಂದಕ್ಕೆ ಸರಿಸುತ್ತೇವಲ್ಲ, ಹಾಗೆಯೇ. ಕೋಲನ್ನು ಎಂದೂ ಎಳೆಯಬಾರದು. ಅದು ತುಂಡು ತುಂಡಾಗಿದ್ದು ಒಳಗೆ ಎಲಾಸ್ಟಿಕ್ ದಾರ ಇರುತ್ತದೆ. ಎಳೆದರೆ ದಾರ ಹಿಗ್ಗಿ, ತುಂಡುಗಳು ಬಟ್ಟೆಯ ಒಳಗೇ ಬಿಟ್ಟುಕೊಂಡು, ಆ ಅಂಚು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ನನ್ನವರು ಈ ಕಡೆಯಿಂದ ತಳ್ಳುತ್ತಾರೆ, ಮಗಳು ಕೋಲಿನ ತುದಿ ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿಕೊಂಡೇ ಬಟ್ಟೆ ಸರಿಸುತ್ತಾ ನಡೆಯುತ್ತಾಳೆ. "ಅಪ್ಪಾ, ನಿಲ್ಲು, ಸಿಕ್ಕಿಕೊಂಡಿದೆ" ಅಂದರೆ ಅವರು ನಿಲ್ಲಲೇಬೇಕು. ಹಟ ಮಾಡಿ ತಳ್ಳಿದ ಒಂದು ಸಲ ಬಟ್ಟೆ ಎರಡು ಇಂಚು ಹರಿದಿದೆ.

ನಾಲ್ಕೂ ಕೋಲು ತೂರಿಸಿ, ಎರಡೂ ತುದಿಯನ್ನು ಟೆಂಟ್‌ನ ಬುಡದಲ್ಲಿರುವ ಪಿನ್ನಿಗೆ ಸಿಕ್ಕಿಸುವವರೆಗೂ ಟೆಂಟ್ ನೆಲದ ಮೇಲೆಯೇ ಮಲಗಿರುತ್ತದೆ. ಎಬ್ಬಿಸುವ ಕೆಲಸ ಕೊನೆಗೆ. ನಾನು ಮುಂದಿನ ಕಮಾನು ಹಿಡಿದು ಟೆಂಟ್‌ನಿಂದ ದೂರಕ್ಕೆ ಹೆಜ್ಜೆ ಹಾಕುತ್ತೇನೆ. ಹಿಂದಿನ ಕಮಾನು ಮೊದಲು ಏಳುತ್ತದೆ, ಆಮೇಲೆ ಎರಡನೆಯದು, ಮೂರನೆಯದು. ಬಟ್ಟೆ ಪಟ್ಟಂತ ಬಿಗಿಯಾಗುವುದು ಕೈಗೆ ಗೊತ್ತಾಗುತ್ತದೆ. ಅದೇ ಬಿಗಿಯಲ್ಲಿ ನಿಂತುಕೊಂಡರೆ ನನ್ನವರು ಮುಂದಿನ ಎರಡು ಗೂಟ ಹೊಡೆಯುತ್ತಾರೆ. ಅಲ್ಲಿಗೆ ಟೆಂಟ್ ನಿಂತಿತು. ಗಾಳಿ ಜೋರಿದ್ದರೆ ಎಬ್ಬಿಸುವ ಮೊದಲೇ ಹಿಂದಿನ ಹಗ್ಗಗಳನ್ನೂ ಸಡಿಲವಾಗಿ ಗೂಟಕ್ಕೆ ಹಾಕಿಟ್ಟಿರುತ್ತೇವೆ.

ಪಕ್ಕದ ಗೂಟ ಹೊಡೆಯುವ ಮೊದಲು ಎಲ್ಲಾ ಬಾಗಿಲಿನ ಜಿಪ್ ಹಾಕಿರಬೇಕು. ಇದನ್ನು ನಾವು ನಷ್ಟ ಮಾಡಿಕೊಂಡು ಕಲಿತೆವು. ಬಾಗಿಲು ತೆರೆದಿಟ್ಟೇ ಗೂಟ ಹೊಡೆದಿದ್ದೆವು. ಬುಡ ನಾಲ್ಕು ಬೆರಳು ಜಾಸ್ತಿ ಅಗಲವಾಗಿತ್ತು. ರಾತ್ರಿ ಮಳೆ ಬಂದಾಗ ಮಗ ಓಡಿಹೋಗಿ ಜಿಪ್ ಎಳೆದ, ಹಲ್ಲು ಬಿಟ್ಟುಕೊಂಡಿತು. ಬೆಳಗಿನವರೆಗೆ ಬಾಗಿಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಗತಿ. ಆಮೇಲೆ ಜಿಪ್ಪಿನ ಸ್ಲೈಡರ್ ಬದಲಾಯಿಸಿದೆವು.

ಇಷ್ಟೆಲ್ಲಾ ಸೂಚನೆಯ ಹಾಳೆಯಲ್ಲೂ ಚೂರುಪಾರು ಇರುತ್ತದೆ. ಅದರಲ್ಲಿ ಇಲ್ಲದಿರುವುದು ಮಡಚುವ ಕೆಲಸ. ಮೊದಲು ನಾವು ಹೇಗೆ ಬಂತೋ ಹಾಗೆ ಸುತ್ತಿ ತುಂಬುತ್ತಿದ್ದೆವು. ಹೊರಡುವ ದಿನ ಎಲ್ಲರಿಗೂ ಆತುರ, ಅಲ್ವಾ? ಮುಂದಿನ ಸಲ ಬಿಚ್ಚಿದರೆ ಹಿಂದೆ ಯಾವುದು ಮುಂದೆ ಯಾವುದು ಗೊತ್ತಾಗುತ್ತಿರಲಿಲ್ಲ. ಪೂರ್ತಿ ಹಾಸಿ, ನೋಡಿ, ಅಷ್ಟು ಭಾರದ ಬಟ್ಟೆಯನ್ನು ತಿರುಗಿಸಿ ಮತ್ತೆ ಹಾಸಬೇಕು. ಮೊದಲ ಅರ್ಧ ಗಂಟೆ ಹೋಗುತ್ತಿದ್ದದ್ದೇ ಅಲ್ಲಿ.

ಈಗ ಎರಡೂ ಪಕ್ಕದಿಂದ ಚೀಲದ ಅಗಲಕ್ಕೆ ಮಡಚಿ, ಮುಂಬಾಗಿಲಿನ ಕಡೆಯಿಂದ ಸುತ್ತಲು ಶುರು ಮಾಡುತ್ತೇವೆ. ಕೊನೆಗೆ ಹಿಂದಿನ ಅಂಚು ಸುರುಳಿಯ ಹೊರಗೆ ಉಳಿಯುತ್ತದೆ. ಆ ಅಂಚಿನ ನಡುವಿನ ಕುಣಿಕೆಗೆ ಒಂದು ಕೆಂಪು ರಿಬ್ಬನ್ ಕಟ್ಟಿದ್ದೇನೆ. ಮುಂದಿನ ಸಲ ಚೀಲದಿಂದ ತೆಗೆದ ಕೂಡಲೇ ರಿಬ್ಬನ್ ಹುಡುಕಿ, ಸುರುಳಿಯನ್ನು ಗಾಳಿ ಬರುವ ಕಡೆ ಇಟ್ಟು, ಗೂಟ ಹೊಡೆದು, ಬಿಚ್ಚುತ್ತಾ ಹೋದರೆ ಆಯಿತು. ಒಂದು ತೊಂದರೆ ಇದೆ. ಬಾಗಿಲಿನ ಕಡೆಯಿಂದ ಸುತ್ತುವುದರಿಂದ ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಕಮ್ಮಿ. ಹಿಂದಿನ ಜಾಲರಿ ಕಿಟಕಿ ಪೂರ್ತಿ ತೆರೆದಿಟ್ಟು, ನಿಧಾನವಾಗಿ ಮೊಣಕಾಲಲ್ಲಿ ಒತ್ತುತ್ತಾ ಸುತ್ತಬೇಕು. ಹತ್ತು ನಿಮಿಷ ಜಾಸ್ತಿ ಬೇಕು. ಕೊಟ್ಟರೆ ಮುಂದಿನ ಸಲ ಅರ್ಧ ಗಂಟೆ ಉಳಿಯುತ್ತದೆ.

ಒಳಗಿನ ಕೋಣೆಗಳನ್ನು ನಾವು ಬಿಚ್ಚುವುದೇ ಇಲ್ಲ, ಕೊಕ್ಕೆಗೆ ಸಿಕ್ಕಿಸಿದ ಹಾಗೆಯೇ ಮಡಚುತ್ತೇವೆ. ಹಗ್ಗಗಳನ್ನು ಒಂದೊಂದಾಗಿ ಸುತ್ತಿ ಮಗಳ ತಲೆಕೂದಲಿನ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಇಲ್ಲದಿದ್ದರೆ ಗೋಜಲು ಬಿಡಿಸುವುದರಲ್ಲೇ ಕತ್ತಲಾಗುತ್ತದೆ. ಕೋಲುಗಳಲ್ಲಿ ಹಿಂದಿನದು ಗಿಡ್ಡ, ಉಳಿದ ಮೂರು ಒಂದೇ ಥರ ಕಂಡರೂ ಬೇರೆ ಬೇರೆ. ಅದಕ್ಕೆ ಬಣ್ಣದ ಟೇಪ್ ಸುತ್ತಿ, ಬಟ್ಟೆಯ ಅದೇ ಜಾಗಕ್ಕೂ ಅದೇ ಬಣ್ಣ ಹಚ್ಚಿದ್ದೇವೆ. ಟೆಂಟ್ ಜೊತೆ ಕೊಟ್ಟ ಚೀಲ ಮಾತ್ರ ತುಂಬಾ ಚಿಕ್ಕದು. ಒಂದೇ ವರ್ಷದಲ್ಲಿ ಅದರ ಹೊಲಿಗೆ ಬಿಟ್ಟಿತು. ದೊಡ್ಡ ಚೀಲ ಕೊಂಡುಕೊಂಡೆವು. ಅಂದಿನಿಂದ ಮನೆಯಲ್ಲಿ ಇದಕ್ಕಾಗಿ ಜಗಳ ಆಗಿಲ್ಲ.

ಗೂಟದ ಬಗ್ಗೆಯೂ ಒಂದು ಮಾತು. ಜೊತೆಗೆ ಬರುವ ತಂತಿಯಂಥ ತೆಳು ಗೂಟಗಳನ್ನು ನಂಬಬೇಡಿ. ಲೇಕ್ ಡಿಸ್ಟ್ರಿಕ್ಟ್‌ನ ಕಲ್ಲುನೆಲದಲ್ಲಿ ಅರ್ಧಕ್ಕರ್ಧ ಬಗ್ಗಿದವು. ಮೊಳೆಯಂಥ ದಪ್ಪ ಗೂಟ 20 ತಂದೆವು. ಮುಖ್ಯ ಹಗ್ಗಗಳಿಗೆಲ್ಲಾ ಈಗ ಅವೇ. ರಬ್ಬರ್ ಕೊಡತಿ ಪುಟಿಯುತ್ತದೆ. ಒಂದು ಕೆಜಿ ಸುತ್ತಿಗೆ ವಾಸಿ. ಗೂಟದ ತಲೆ ಟೆಂಟ್‌ನಿಂದ ಆಚೆಗೆ ವಾಲಿರಬೇಕು, ಹಗ್ಗ ಕಮಾನಿನ ಹೊಲಿಗೆಯ ನೇರಕ್ಕೆ ಬರಬೇಕು.

ಮಳೆಯಲ್ಲಿ ಹೇಗೆ ಅಂತ ಕೇಳುವವರಿಗೆ ಲೇಕ್ ಡಿಸ್ಟ್ರಿಕ್ಟ್‌ನ ಬಾರೋಡೇಲ್ ಕಣಿವೆಯಲ್ಲಿ ಕಳೆದ ರಾತ್ರಿಯ ಕತೆ ಹೇಳಬೇಕು. ಇಂಗ್ಲೆಂಡಿನಲ್ಲಿ ಜನ ವಾಸವಿರುವ ಜಾಗಗಳಲ್ಲಿ ಅತಿ ಜಾಸ್ತಿ ಮಳೆ ಬೀಳುವ ಸೀತ್‌ವೇಟ್ ಹಳ್ಳಿ ಆ ಕಣಿವೆಯಲ್ಲೇ ಇದೆ. ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ. ಆಗುಂಬೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಸುರಿಯುತ್ತದೆ, ಮಳೆ ನನಗೆ ಹೊಸದಲ್ಲ. ಆದರೆ ಹಂಚಿನ ಮಾಡಿನ ಕೆಳಗೆ ಕೂತು ಕೇಳುವ ಮಳೆ ಬೇರೆ, ತಲೆಯಿಂದ ಎರಡು ಅಡಿ ಮೇಲೆ ಬಟ್ಟೆಯ ಮೇಲೆ ಬೀಳುವ ಮಳೆ ಬೇರೆ. ರಾತ್ರಿ ಪೂರ್ತಿ ಇರಚಲು ಹೊಡೆಯಿತು. ಬಟ್ಟೆಯ ನೀರು ತಡೆಯುವ ಅಳತೆ 4,000 ಮಿ.ಮೀ. ಅಂದರೆ ಅದರ ಮೇಲೆ ನಾಲ್ಕು ಮೀಟರ್ ಎತ್ತರ ನೀರು ನಿಲ್ಲಿಸಿದರೂ ಜಿನುಗಬಾರದು. ಒಂದು ಹನಿಯೂ ಒಳಗೆ ಬರಲಿಲ್ಲ. ಬೆಳಿಗ್ಗೆ ಒಳಗೋಡೆ ಒದ್ದೆ ಇತ್ತು, ಅದು ನಮ್ಮ ಉಸಿರಿನ ತೇವ. ಕಿಟಕಿಯ ಮೇಲ್ಭಾಗ ಸ್ವಲ್ಪ ತೆರೆದಿಟ್ಟರೆ ಕಮ್ಮಿಯಾಗುತ್ತದೆ. ಚಳಿ, ಮಳೆ ಅಂತ ಗ್ಯಾಸ್ ಒಲೆ ಅಥವಾ ಇದ್ದಿಲು ಒಲೆಯನ್ನು ಮಾತ್ರ ಒಳಗೆ ತರಲೇಬೇಡಿ. ಆರಿದ ಹಾಗೆ ಕಾಣುವ ಇದ್ದಿಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ, ಅದಕ್ಕೆ ವಾಸನೆ ಇಲ್ಲ, ಜೀವ ಹೋಗುತ್ತದೆ. ನಾವು ಅವಲಕ್ಕಿ ಒಗ್ಗರಣೆ ಹಾಕುವುದೂ ಕೊಡೆ ಹಿಡಿದುಕೊಂಡು ಹೊರಗೇ.

ಒದ್ದೆ ಮಡಚಿ ತಂದರೆ ಅದೇ ದಿನ, ತಪ್ಪಿದರೆ ಮಾರನೆಯ ದಿನ ಒಣಗಿಸಬೇಕು. ನಮ್ಮ ಮನೆಯ ಹಿತ್ತಲು ಚಿಕ್ಕದು. ಮಹಡಿ ಮೆಟ್ಟಿಲಿನ ಕಟಕಟೆಗೆ ಇಳಿಬಿಟ್ಟು ಎರಡು ದಿನ ಬಿಡುತ್ತೇವೆ. 2021ರಲ್ಲಿ ಒಂದು ವಾರ ಬಿಟ್ಟಿದ್ದಕ್ಕೆ ಹಿಂದಿನ ಮೂಲೆಯಲ್ಲಿ ಬೂಸ್ಟು ಬಂದ ಕಪ್ಪು ಚುಕ್ಕೆಗಳು ಇನ್ನೂ ಹೋಗಿಲ್ಲ.

ಕೆಟ್ಟದ್ದು ಏನು ಅಂದರೆ ಕೋಲುಗಳು. ಆರು ವರ್ಷದಲ್ಲಿ ಐದು ತುಂಡು ಬದಲಾಯಿಸಿದ್ದೇವೆ. ಫೈಬರ್‌ಗ್ಲಾಸ್ ಉದ್ದಕ್ಕೆ ಸೀಳುತ್ತದೆ. ಸೀಳಿದ ಜಾಗ ಬರಿಗೈಯಲ್ಲಿ ಸವರಬೇಡಿ. ಒಮ್ಮೆ ನನ್ನ ಹೆಬ್ಬೆರಳಿಗೆ ಚುಚ್ಚಿದ ಎಳೆಗಳು ಪಾಪಾಸುಕಳ್ಳಿಯ ಸಣ್ಣ ಮುಳ್ಳಿನ ಹಾಗೆ, ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಉರಿ. ಮೊಬೈಲ್ ಟಾರ್ಚ್ ಹಿಡಿದು ಮಗಳು ಚಿಮಟದಲ್ಲಿ ಒಂದೊಂದಾಗಿ ತೆಗೆದಳು. ಈಗ ಕೈಗವಸು, ಎರಡು ಬಿಡಿ ತುಂಡು, ಟೇಪ್ ಯಾವಾಗಲೂ ಚೀಲದಲ್ಲಿರುತ್ತವೆ.

ಗೆಳೆಯರೊಬ್ಬರ ಹತ್ತಿರ ಗಾಳಿ ತುಂಬುವ ಟೆಂಟ್ ಇದೆ. ಪಂಪ್ ಹೊಡೆದರೆ ಹತ್ತು ನಿಮಿಷದಲ್ಲಿ ಏಳುತ್ತದೆ, ಕೋಲಿನ ರಗಳೆ ಇಲ್ಲ. ಒಬ್ಬರೇ ಹಾಕಬೇಕಾದವರಿಗೆ ಅದು ಒಳ್ಳೆಯದು. ಆದರೆ ಭಾರ ಜಾಸ್ತಿ, ಬೆಲೆ ನಮ್ಮದರ ಎರಡರಷ್ಟು. ಅಲ್ಲದೆ ಅದಕ್ಕೂ ಗೂಟ, ಹಗ್ಗ, ಗಾಳಿಯ ದಿಕ್ಕು ತಪ್ಪುವುದಿಲ್ಲ. ಇಬ್ಬರು ದೊಡ್ಡವರು, ಕೈಜೋಡಿಸುವ ಒಂದು ಮಗು ಇದ್ದರೆ ಕೋಲಿನ ಟೆಂಟ್ ಸಾಕು ಅಂತ ನನ್ನ ಅಭಿಪ್ರಾಯ. ಕೊಳ್ಳುವವರು ಕ್ಯಾಂಪ್ ಜಾಗ ಕಾದಿರಿಸುವಾಗ ಹಗ್ಗ ಸೇರಿದ ಅಳತೆ ಹೇಳಬೇಕು. ನಮ್ಮದು ಹಗ್ಗ ಎಳೆದ ಮೇಲೆ ಹತ್ತಿರ ಹತ್ತಿರ 9 ಮೀಟರ್‌ಗೆ 6 ಮೀಟರ್ ಆಗುತ್ತದೆ. ಸುಮ್ನೆ "ಆರು ಜನರ ಟೆಂಟ್" ಅಂತ ಹೇಳಿ ಹೋದರೆ ಜಾಗ ಸಾಲದೆ ವಾಪಸ್ ಬರಬೇಕಾದೀತು.

ಕಳೆದ ಬೇಸಿಗೆಯ ಕೊನೆಗೆ ಮಲಗುವ ಕೋಣೆಯ ಮೇಲಿನ ಹೊಲಿಗೆಗೆ ನೀರು ಬಾರದಂತೆ ಅಂಟಿಸಿರುವ ಪಟ್ಟಿ ಏಳಲು ಶುರುವಾಗಿದೆ. ಸೀಲೆಂಟ್ ಹಚ್ಚಿದ್ದೇವೆ, ಎಡಗಡೆ ಒಂದು ಗೇಣಿನಷ್ಟು ಇನ್ನೂ ಬಾಕಿ ಇದೆ. ಈಸ್ಟರ್ ರಜೆಯಲ್ಲಿ ಬಿಸಿಲು ಬಂದ ದಿನ ಹಿತ್ತಲಲ್ಲಿ ಹಿಂದಿನ ಅರ್ಧ ಮಾತ್ರ ಹಾಸಿ ಅದನ್ನು ಮುಗಿಸಬೇಕು.